ಹಚ್ಚೆ ತೆಗೆಸಿದ ಹಣೆ

ನನ್ನ ಹಣೆ ನೋಡಿದವರು ಕೇಳುವ ಮೊದಲ ಮಾತು ಒಂದೇ. "ಎಣ್ಣೆ ಹಾರಿತ್ತಾ ಅಮ್ಮ?" ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಸಂತೆಯಲ್ಲಿ ಬದನೆಕಾಯಿ ಆರಿಸುವವರು ಕೇಳುತ್ತಾರೆ, ಮದುವೆಮನೆ ಪಂಕ್ತಿಯಲ್ಲಿ ಅನ್ನಕ್ಕೆ ಸಾರು ಬೀಳುವ ಮೊದಲೇ ಕೇಳಿಬಿಡುತ್ತಾರೆ. ಬಹಳ ವರ್ಷ ನಾನೂ ಹೂಂ ಅಂದುಬಿಡುತ್ತಿದ್ದೆ. ಹೂಂ ಅಂದರೆ ಅವರಿಗೂ ಸಮಾಧಾನ, ನನಗೂ ಬಿಡುಗಡೆ. ಈಗ ಹಾಗೆ ಅನ್ನುವುದಿಲ್ಲ. ಎಣ್ಣೆಯೂ ಇಲ್ಲ ಮಣ್ಣೂ ಇಲ್ಲ, ಚೆಂದ ಕಾಣೋಕೆ ಹಚ್ಚೆ ತೆಗೆಸಲು ಹೋಗಿ ಆಸಿಡ್ ಹಾಕಿಸಿಕೊಂಡೆ ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ.

ಹಚ್ಚೆ ಹಾಕಿಸಿದ್ದು ನಮ್ಮಜ್ಜಿ. ನಮ್ಮೂರು ಬೂದಿಕೋಟೆಯಿಂದ ಅರ್ಧ ಗಂಟೆ ನಡಿಗೆ. ರಾಗಿ ಹೊಲ, ಎರಡು ಎಮ್ಮೆ, ಹಿತ್ತಲಲ್ಲಿ ಒಂದು ಹೊಂಗೆ ಮರ. ಕಣದ ಕೆಲಸ ಮುಗಿದ ಮೇಲೆ ಹಚ್ಚೆ ಹಾಕುವ ಹೆಂಗಸು ಸೂಜಿಯ ಕಟ್ಟು, ಹಸಿರು ಬಣ್ಣ ತುಂಬಿದ ಕರಟ ಹಿಡಿದುಕೊಂಡು ಊರೂರು ತಿರುಗಿ ಬರುತ್ತಿದ್ದಳು. ನನಗೆ ಆಗ ಏಳು ವರ್ಷ. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು ಕೂತಳು. ಹಚ್ಚೆಯವಳು ಪದ ಹೇಳುತ್ತಾ ಹುಬ್ಬುಗಳ ನಡುವೆ ಒಂದು ಬೊಟ್ಟು, ಅದರ ಮೇಲೊಂದು ನೆಟ್ಟನೆಯ ಗೀಟು, ಅತ್ತಿತ್ತ ಒಂದೊಂದು ಚುಕ್ಕಿ ಚುಚ್ಚಿದಳು. ನಾನು ಊರೆಲ್ಲಾ ಕೇಳುವ ಹಾಗೆ ಅತ್ತೆ.

"ಅಳ್ಬ್ಯಾಡ ಕಣಮ್ಮಿ," ಅಂದಳು ಅಜ್ಜಿ. "ಸತ್ತಾಗ ಓಲೆ ಬಿಚ್ಕೊತಾರೆ, ಬಳೆ ಬಿಚ್ಕೊತಾರೆ. ನಮ್ ಜೊತೆ ಬರೋದು ಅಚ್ಚೆ ಒಂದೇಯಾ. ಅಲ್ಲಿ ಮ್ಯಾಲೆ ಓದ್ಮ್ಯಾಕೆ ನಾನು ನಿನ್ ಗುರ್ತು ಇಡೀಬ್ಯಾಡ್ವಾ?"

ಅಜ್ಜಿಯ ಹಣೆಯ ಮೇಲೂ ಅದೇ ಗೀಟು, ಅದೇ ಬೊಟ್ಟು. ಅಮ್ಮನಿಗೂ ಅದೇ. ನಮ್ಮ ಕಡೆ ಹೆಂಗಸರೆಲ್ಲರಿಗೂ ಇದ್ದದ್ದೇ ಅದು. ಅದು ಒಂದು ಕುಂದು ಅಂತ ನನಗೆ ಹದಿನೇಳು ವರ್ಷದವರೆಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ನನ್ನನ್ನು ನೋಡಲು ಬಂದ ಗಂಡು. ಅವರದು ಬಂಗಾರದ ಗಣಿಯ ಉರಿಗಾಂ. ಅವನ ಅಪ್ಪ ಗಣಿಯ ಒಳಗೆ ಇಳಿದು ಕೆಲಸ ಮಾಡಿ ಕೆಮ್ಮಿ ಕೆಮ್ಮಿ ಸತ್ತವರು. ಮಗ ಓದಿದ್ದ, ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತ ಆಗಿದ್ದ. ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು, ನಾಜೂಕಾದ ಮಾತು. ನಮ್ಮೂರಿನಲ್ಲಿ ಅಂಥವರನ್ನು ನಾವು ಕಂಡಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಅವನು ಹಿಡಿಸಿದ. ವೀಳ್ಯ ಬದಲಾಯಿಸಿಕೊಂಡರು, ಮದುವೆಗೆ ದಿನ ಇಟ್ಟರು. ಆಮೇಲೆ ಗಂಡಿನ ಅಕ್ಕ ಹೊರಡುವಾಗ ಅಮ್ಮನನ್ನು ಬಾಗಿಲ ಹಿಂದೆ ಕರೆದು ಮೆಲ್ಲಗೆ ಒಂದು ಮಾತು ಇಳಿಸಿದಳು.

"ಉಡುಗಿ ಚೆನ್ನಾಗವ್ಳೆ ಅತ್ತೆಮ್ಮ, ಎಲ್ಲಾ ಸರಿ. ಆ ಅಣೆ ಮೇಲಿಂದು ಒಂದ್ ಇಲ್ದಿದ್ರೆ ಇನ್ನೂ ಚೆನ್ನಾಗಿತ್ತು. ನಮ್ ತಮ್ಮ ಆಫೀಸ್ನಾಗೆ ಇರೋನು ನೋಡಿ. ಫೋಟೋ ತೆಗೆಸ್ಬೇಕು ಅಂತಾನೆ, ಅದ್ರಾಗೆ ಅಳ್ಳಿ ಗುರ್ತು ಎದ್ದು ಕಾಣ್ತದೆ."

ಅಮ್ಮ ಸೆರಗು ಹಿಂಡುತ್ತಾ ನಿಂತಳು. ಆಗ ಆ ಅಕ್ಕನೇ ದಾರಿ ತೋರಿಸಿದಳು. ಅವಳ ಗಂಡನಿಗೆ ಹಚ್ಚೆ ತೆಗೆಯುವುದು ಗೊತ್ತಂತೆ. ಗಣಿ ಕೆಲಸದವರ ಸಾಲುಮನೆ ಲೈನಿನಲ್ಲಿ ಎಷ್ಟೋ ಜನರಿಗೆ ತೆಗೆದಿದ್ದಾನಂತೆ. ಒಬ್ಬಳ ತೋಳಿನದು, ಇನ್ನೊಬ್ಬಳ ಕೆನ್ನೆಯ ನರುಳ್ಳೆ. ಜನ ಅವನನ್ನು ಡಾಕ್ಟರ್ ಅಂತಲೇ ಕರೆಯುತ್ತಾರಂತೆ.

ಅವನು ಡಾಕ್ಟರೂ ಅಲ್ಲ, ಡಾಕ್ಟರ ಮನೆಯ ಕಸ ಗುಡಿಸುವವನೂ ಅಲ್ಲ. ಗಣಿಯಲ್ಲಿ ಬಂಗಾರ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸದವನು. ಅರೆದ ಕಲ್ಲಿನಲ್ಲಿ ಎಷ್ಟು ಬಂಗಾರ ಇದೆ ಅಂತ ಅಲ್ಲಿ ನೋಡುತ್ತಾರೆ. ಕಾಸಿ, ಕರಗಿಸಿ, ಕೊನೆಗೆ ಸಾಸಿವೆಯಷ್ಟು ಮಣಿ ಉಳಿಯುತ್ತದೆ. ಅದನ್ನು ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿಯೆಲ್ಲ ಕರಗಿ ಹೋಗಿ ಬಂಗಾರ ಮಾತ್ರ ನಿಲ್ಲುತ್ತದೆ. ಆ ಆಸಿಡ್ಡೇ ಅವನ ಔಷಧ. ಅದನ್ನು ಅವನು ಗೇಟಿನ ತಪಾಸಣೆ ತಪ್ಪಿಸಿ ಹೇಗೆ ಹೊರಗೆ ತರುತ್ತಿದ್ದನೋ, ಅದು ಅವನಿಗೂ ದೇವರಿಗೂ ಗೊತ್ತು. ಗಣಿಯ ಗೇಟಿನಲ್ಲಿ ಊಟದ ಡಬ್ಬಿ ಬಿಚ್ಚಿ ನೋಡುತ್ತಿದ್ದರು, ಚಪ್ಪಲಿ ಕಳಚಿಸಿ ನೋಡುತ್ತಿದ್ದರು. ಒಳಗಿನ ಒಂದು ಮೊಳೆ ಹೊರಗೆ ಬಂದರೂ ಕಳ್ಳತನ, ಕೆಲಸ ಹೋದ ಹಾಗೆ.

ಮದುವೆಗೆ ಮೂರು ವಾರ ಇರುವಾಗ ಅವನೂ ಅವನ ಹೆಂಡತಿಯೂ ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದರು. ಗಂಡು ಬರಲಿಲ್ಲ. ಅಪ್ಪ ಹೊಲಕ್ಕೆ ಹೋಗದೆ ಮನೆಯಲ್ಲೇ ಉಳಿದ. ಹಿತ್ತಲ ಹೊಂಗೆಯ ನೆರಳಲ್ಲಿ ಚಾಪೆ ಹಾಸಿದರು. ಅವನು ಚೀಲದಿಂದ ಗಾಜಿನ ಮುಚ್ಚಳದ ಸಣ್ಣ ಸೀಸೆ ತೆಗೆದ, ಒಂದು ಗಾಜಿನ ಕಡ್ಡಿ ತೆಗೆದ, ಒಂದು ಪಿಂಗಾಣಿ ಬಟ್ಟಲು ತೆಗೆದ. ಆ ಸಾಮಾನು ನೋಡಿಯೇ ನಮಗೆಲ್ಲ ಭಕ್ತಿ ಬಂದುಬಿಟ್ಟಿತು.

ಅಜ್ಜಿ ಒಬ್ಬಳು ಮಾತ್ರ ಒಪ್ಪಲಿಲ್ಲ. "ದೇವ್ರು ಕೊಟ್ಟ ಚರ್ಮ, ನಾನು ಆಕ್ಸಿದ ಅಚ್ಚೆ, ಇವ್ನ್ಯಾವನ್ಲಾ ತೆಗಿಯೋಕೆ?" ಅಂತ ಕೂಗಾಡಿದಳು.

"ಎದ್ರುಕೋಬ್ಯಾಡಿ ಅಜ್ಜಿ, ನೋಡಿ ಇಲ್ಲಿ," ಅಂದ ಅವನು. ಅಮ್ಮನ ಕಿವಿಯಿಂದ ಒಂದು ಓಲೆ ಬಿಚ್ಚಿಸಿಕೊಂಡ. ಬಟ್ಟಲಿಗೆ ಆಸಿಡ್ ಹನಿಸಿ, ಓಲೆ ಅದರಲ್ಲಿ ಹಾಕಿ ಹೊರಗೆ ತೆಗೆದ. ವರ್ಷಗಟ್ಟಲೆ ಎಣ್ಣೆ ಜಿಡ್ಡು ಹಿಡಿದ ಓಲೆ ಆಚಾರಿ ಈಗ ತಾನೇ ಮಾಡಿಕೊಟ್ಟಂತೆ ಥಳಥಳ ಅಂದಿತು. ಆಮೇಲೆ ಒಂದು ತಾಮ್ರದ ಕಾಸು ಹಾಕಿದ. ಅದು ಬುಸ್ ಅಂತ ನೊರೆ ಎದ್ದು, ಕೆಂಪು ಹೊಗೆ ಬಂದು, ಬಟ್ಟಲಿನ ನೀರು ಹಸಿರಾಯಿತು.

"ಬಂಗಾರಕ್ಕೆ ಇದು ಏನೂ ಮಾಡಲ್ಲ. ಕಸ ಮಾತ್ರ ತಿನ್ತದೆ. ತಾಮ್ರದ ಅಸಿರು ಅಚ್ಚೆದೂ ಅಸಿರು. ಅಸಿರು ತಿಂದು ಒಳ್ಳೇದನ್ನ ಬಿಡೋದೇ ಇದ್ರ ಕೆಲ್ಸ," ಅಂದ.

ನಮಗೆ ಅದು ಎಷ್ಟು ಸರಿಯಾಗಿ ಕಂಡಿತು ಅಂದರೆ ಅಜ್ಜಿಯೂ ಬಾಯಿ ಮುಚ್ಚಿದಳು. ಬಂಗಾರದ ಗಣಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರು ನಾವು. ಬಂಗಾರಕ್ಕೆ ಸಲ್ಲುವುದು ಎಲ್ಲಕ್ಕೂ ಸಲ್ಲುತ್ತದೆ ಅನ್ನುವುದು ನಮ್ಮ ತಲೆಯಲ್ಲಿ ಬೇರೂರಿತ್ತು. ನನ್ನ ಹಣೆ ಬಂಗಾರವಲ್ಲ, ಬರೀ ಚರ್ಮ ಅಂತ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಫೋಟೋದಲ್ಲಿ ಬಿಳಿ ಷರ್ಟಿನ ಪಕ್ಕ ನುಣ್ಣನೆಯ ಹಣೆ ಹೊತ್ತು ನಿಂತ ನನ್ನನ್ನೇ ನಾನು ಕಂಡುಕೊಳ್ಳುತ್ತಿದ್ದೆ. ಬೇಗ ಮಾಡಲಿ ಅಂತ ನಾನೇ ಹೋಗಿ ಚಾಪೆಯ ಮೇಲೆ ಮಲಗಿದೆ.

ಅಮ್ಮನ ತೊಡೆಯ ಮೇಲೆ ತಲೆ ಇಟ್ಟೆ. ನೋವಾಗುತ್ತದಾ ಅಂತ ಕೇಳಲಿಲ್ಲ, ಅವನೂ ಹೇಳಲಿಲ್ಲ. ಗಾಜಿನ ಕಡ್ಡಿ ಅದ್ದಿ ಬೊಟ್ಟಿನ ಮೇಲೆ ಇಟ್ಟ. ಮೊದಲು ತಣ್ಣಗೆ, ಆಮೇಲೆ ಕೆಂಡ. ಹಲ್ಲು ಕಚ್ಚಿದೆ. ಗಂಡಿನ ಅಕ್ಕ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದಳು. "ನೋಡ್ರಿ ನೋಡ್ರಿ, ಬಂಗಾರದ ಬಣ್ಣ ಬಂತು!" ನಿಜ, ಆಸಿಡ್ ಬಿದ್ದಲ್ಲಿ ಚರ್ಮ ಹಳದಿಯಾಗಿತ್ತಂತೆ. ಎಲ್ಲರಿಗೂ ಸಂತೋಷವೋ ಸಂತೋಷ. ಆಮೇಲೆ ನಾನು ಕಲಿತೆ, ಈ ಆಸಿಡ್‌ಗೆ ಚರ್ಮ ಸುಡುವಾಗ ಬರುವ ಬಣ್ಣವೇ ಅದು.

ಹಳದಿಯ ಅಡಿಯಲ್ಲಿ ಹಸಿರು ಇನ್ನೂ ಕಾಣುತ್ತಿತ್ತು. ಇನ್ನೊಂದು ಸಲ ಹಚ್ಚಿದ. ಇನ್ನೂ ಕಾಣುತ್ತಿತ್ತು. ಮೂರನೆಯ ಸಲ ಕಡ್ಡಿಯಲ್ಲಿ ಜಾಸ್ತಿ ತುಂಬಿಕೊಂಡ. ನನಗೆ ತಡೆಯಲಾಗಲಿಲ್ಲ, ತಲೆ ಕೊಡವಿದೆ. ಹನಿ ಜಾರಿ ಎಡಗಡೆ ಹುಬ್ಬಿನ ಮೇಲೆ ಹರಿದು ರೆಪ್ಪೆಗೆ ಇಳಿಯಿತು. ನಾನು ಕಿರುಚಿದ ಕಿರುಚಾಟಕ್ಕೆ ಎಮ್ಮೆಗಳು ಹಗ್ಗ ಜಗ್ಗಿದವು.

ಅಮ್ಮ ಪಕ್ಕದಲ್ಲಿದ್ದ ನೀರಿನ ಚೊಂಬು ಎತ್ತಿದಳು. ಹೆತ್ತ ಕರುಳು, ಅದಕ್ಕೆ ಯಾವ ಓದೂ ಬೇಕಿರಲಿಲ್ಲ. ಆದರೆ ಅವನು ಅವಳ ಕೈ ಹಿಡಿದುಕೊಂಡ.

"ಅಯ್ಯಯ್ಯೋ, ನೀರು ಉಯ್ಬ್ಯಾಡಿ! ಆಸಿಡ್‌ಗೆ ನೀರು ಬಿದ್ರೆ ಕುದಿತದೆ, ಸಿಡಿತದೆ!"

ಅದು ಅವನ ಕೋಣೆಯ ಕಾನೂನು. ಸೀಸೆಯ ಆಸಿಡ್‌ಗೆ ನೀರು ಸುರಿಯಬಾರದು ಅಂತ ಅಲ್ಲಿಯ ಸಾಹೇಬರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅದೊಂದನ್ನು ಮಾತ್ರ ಪಾಪಿ ನೆಟ್ಟಗೆ ನೆನಪಿಟ್ಟುಕೊಂಡಿದ್ದ. ಸೀಸೆ ಬೇರೆ, ಮನುಷ್ಯರ ಕಣ್ಣು ಬೇರೆ ಅನ್ನುವುದು ತಿಳಿದಿರಲಿಲ್ಲ. ಅಮ್ಮ ಚೊಂಬು ಕೆಳಗಿಟ್ಟಳು. ಆ ಚೊಂಬು ಕೆಳಗಿಟ್ಟದ್ದನ್ನು ಅವಳು ಸಾಯುವ ತನಕ ಮರೆಯಲಿಲ್ಲ, ನನ್ನ ಎಡಗಡೆ ಕೂರುವುದನ್ನೇ ಬಿಟ್ಟುಬಿಟ್ಟಿದ್ದಳು.

ನನ್ನನ್ನು ಎತ್ತಿಕೊಂಡು ಬಂಗಾರಪೇಟೆ ಬಸ್ಸು ಹತ್ತಿದರು. ಅವನೂ ಹೆಂಡತಿಯೂ ಅದೇ ಬಸ್ಸಿನಲ್ಲಿ ಬಂದರು, ನಮ್ಮ ಮೇಲಿನ ಮರುಕಕ್ಕಲ್ಲ, ಅವನಿಗೆ ಮಧ್ಯಾಹ್ನದ ಪಾಳಿ ಇತ್ತು. ದಾರಿಯುದ್ದಕ್ಕೂ ಅಪ್ಪನ ಕಿವಿಯಲ್ಲಿ ಊದುತ್ತಾ ಬಂದ. "ಮಾವ, ಆಸಿಡ್ ಅಂತ ಬಾಯಿ ಬಿಡ್ಬ್ಯಾಡಿ. ಬಿಟ್ರೆ ನಾನು ಜೈಲಿಗೆ. ನಿಮ್ ಅಳಿಯನ್ ಕೆಲ್ಸಕ್ಕೂ ಕುತ್ತು. ಮದ್ವೆ ಅಲ್ಲಿಗೆ ನಿಂತೋಯ್ತದೆ. ಎಣ್ಣೆ ಆರ್ತು ಅನ್ನಿ, ಒಂದೇ ಮಾತು." ಅಪ್ಪ ನನ್ನ ಕಡೆ ತಿರುಗಿ, "ಎಣ್ಣೆ ಅನ್ನಮ್ಮಿ," ಅಂದ. ನಾನು ಮುಖಕ್ಕೆ ಬಟ್ಟೆ ಒತ್ತಿಕೊಂಡು ತಲೆಯಾಡಿಸಿದೆ.

ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಒಬ್ಬ ಡಾಕ್ಟರಮ್ಮನ ಆಸ್ಪತ್ರೆ ಇತ್ತು, ಶಾಪು ಅನ್ನುತ್ತಿದ್ದೆವು. ನಡುವಯಸ್ಸಿನವರು, ಬೆಂಗಳೂರಿನ ಕಡೆಯವರು, ಮಾತು ಕಡಿಮೆ. ಬಟ್ಟೆ ಸರಿಸಿ ನೋಡಿದವರೇ ಕೇಳಿದರು, "ಏನು ಬಿತ್ತು?"

"ಎಣ್ಣೆ," ಅಂದ ಅಪ್ಪ.

"ನಿಮ್ಮನ್ನಲ್ಲ. ನೀನು ಹೇಳಮ್ಮ."

"ಎಣ್ಣೆ," ಅಂದೆ.

"ಎಣ್ಣೆ ಬಿದ್ದರೆ ಬೊಬ್ಬೆ ಏಳುತ್ತದೆ, ಹಳದಿ ಆಗುವುದಿಲ್ಲ. ಸರಿಯಾಗಿ ಹೇಳು. ನನಗೆ ಗೊತ್ತಾದರೆ ತಾನೇ ನಾನು ಏನಾದರೂ ಮಾಡುವುದು?"

"ಅರಿಶಿನ ಹಚ್ಚಿದ್ವಿ ತಾಯಿ," ಅಂದಳು ಅಮ್ಮ. ಅಮ್ಮನ ಬಾಯಲ್ಲಿ ಅಷ್ಟು ಚುರುಕಾದ ಸುಳ್ಳು ನಾನು ಮೊದಲು ಕೇಳಿರಲಿಲ್ಲ. ಡಾಕ್ಟರಮ್ಮ ಮೂರನೆಯ ಸಲ ನನ್ನನ್ನೇ ಕೇಳಿದರು. ಮೂರನೆಯ ಸಲವೂ ನಾನು ಎಣ್ಣೆ ಅಂದೆ. ಮದುವೆ ಉಳಿಯಬೇಕಿತ್ತಲ್ಲ! ಅವರು ನಿಟ್ಟುಸಿರು ಬಿಟ್ಟು, ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ದಪ್ಪಗೆ ಹಚ್ಚಿ, ಬಟ್ಟೆ ಕಟ್ಟಿದರು. ಒಳಗೆ ಅದು ತನ್ನ ಕೆಲಸ ಮಾಡುತ್ತಲೇ ಇತ್ತು.

ವಾರ ಕಳೆದು ಕಟ್ಟು ಬಿಚ್ಚಿದಾಗ ಹಣೆಯ ಮೇಲೆ ಕಪ್ಪು ಹಕ್ಕಳೆ. ಅದು ಉದುರಿದ ಮೇಲೆ ಗುಲಾಬಿ ಬಣ್ಣದ ಗುಳಿ, ಗುಳಿ ತುಂಬಿಕೊಂಡು ಬೆರಳು ದಪ್ಪದ ಗಂಟು. ಎಡ ಹುಬ್ಬು ಹೋಯಿತು. ರೆಪ್ಪೆ ಮೇಲಕ್ಕೆ ಎಳೆದುಕೊಂಡು ಕಣ್ಣು ಮುಚ್ಚುವುದೇ ನಿಂತಿತು. ಹಚ್ಚೆ ಪೂರ್ತಿ ಹೋಗಿತ್ತಾ? ಇಲ್ಲ. ಮೇಲಿನ ಗೀಟಿನ ತುದಿಯಲ್ಲಿ ಒಂದಿಷ್ಟು ಹಸಿರು ಉಳಿದುಕೊಂಡಿತ್ತು, ನನ್ನನ್ನು ಅಣಕಿಸುವುದಕ್ಕೆ.

ಗಂಡಿನ ಮನೆಯಿಂದ ಯಾರೂ ನೋಡಲು ಬರಲಿಲ್ಲ. ಸಂಬಂಧ ತಂದಿದ್ದ ದೂರದ ಮಾವನ ಕೈಯಲ್ಲಿ ಮಾತು ಕಳಿಸಿದರು. ಅವನು ಅಂಗಳದಲ್ಲಿ ನಿಂತೇ ಹೇಳಿದ, ಕೂರಲೂ ಇಲ್ಲ.

"ಅವ್ರು ಏನಂತಾರೆ ಅಂದ್ರೆ, ನಾವು ತೆಗೆಸ್ಲೇಬೇಕು ಅಂತ ಅಟ ಇಡಿದಿದ್ವಾ? ಏನೋ ಒಂದ್ ಮಾತು ಅಂದ್ವಿ. ಅಚ್ಚೆ ಇದ್ದಿದ್ರೂ ಆಗ್ತಿತ್ತು ಅಂತಾರೆ."

ಇದ್ದಿದ್ದರೂ ಆಗ್ತಿತ್ತಂತೆ! ಈ ಒಂದು ಮಾತಿಗೆ ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ ಹಣೆಯ ಉರಿಗಿಂತ ದೊಡ್ಡದು, ಇವತ್ತಿಗೂ ಆರಿಲ್ಲ. ಜಗಳವಾಡೋಣ ಅಂದರೆ ಏನಂತ ಆಡುವುದು? ಎಣ್ಣೆ ಹಾರಿತು ಅಂತ ನಾವೇ ಊರಿಗೆಲ್ಲ ಸಾರಿದ್ದೆವು. ಇಟ್ಟ ದಿನಕ್ಕೇ, ಅದೇ ಮುಹೂರ್ತಕ್ಕೇ ಅವನಿಗೆ ಬೇರೆ ಹುಡುಗಿಯ ಜೊತೆ ಮದುವೆಯಾಯಿತು. ಅಂದು ಅಜ್ಜಿ ಇಡೀ ದಿನ ನನ್ನ ಹಾಸಿಗೆಯ ಪಕ್ಕ ಕೂತು, ಉಳಿದ ಹಸಿರು ತುದಿಯನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಸಾಕು ಬಿಡು, ಇಷ್ಟಿದ್ರೆ ಗುರ್ತು ಸಿಕ್ತದೆ," ಅಂದಳು. ಮುಂದಿನ ವರ್ಷ ಅವಳು ಹೋದಳು.

ಕಣ್ಣಿಗೆ ಧೂಳು ಬಿದ್ದು ಬಿದ್ದು ಕೆಂಪಾಗಿ ಕೀವು ಬರುತ್ತಿತ್ತು. ಅದಕ್ಕಾಗಿ ಮತ್ತೆ ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗಬೇಕಾಯಿತು. ಒಂದು ದಿನ ಶಾಪಿನಲ್ಲಿ ಬೇರೆ ಯಾರೂ ಇಲ್ಲದಾಗ ಅತ್ತುಕೊಂಡು ಎಲ್ಲಾ ಹೇಳಿಬಿಟ್ಟೆ. ಮದುವೆ ಹೋಗಿತ್ತು, ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಅವರು ಬೈಯಲಿಲ್ಲ.

"ಅವತ್ತು ಹೇಳಿದ್ದರೆ ಕಣ್ಣು ಬಿಡಿಸಿ ಒಂದು ಗಂಟೆ ನೀರು ಸುರಿಯುತ್ತಿದ್ದೆ. ರೆಪ್ಪೆ ಉಳಿಯುತ್ತಿತ್ತೋ ಏನೋ. ನಾನು ಅದರ ಮೇಲೆ ಮುಲಾಮು ಮೆತ್ತಿ ಮುಚ್ಚಿಟ್ಟೆ ನೋಡು," ಅಂದರು. ತಪ್ಪು ತಮ್ಮದೂ ಇದೆ ಅನ್ನುವ ಹಾಗಿತ್ತು ಆ ಮಾತು. ನನ್ನ ಹಣೆಯ ವಿಷಯದಲ್ಲಿ ಹಾಗೆ ಮಾತಾಡಿದವರು ಅವರೊಬ್ಬರೇ. ಈ ಗುಟ್ಟನ್ನು ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡೆ. ರೋಗಿ ಹೇಳಿದ್ದು ಡಾಕ್ಟರ ಹತ್ತಿರವೇ ಇರುತ್ತದೆ ಅಂದರು.

ಅವರೇ ನನ್ನನ್ನೂ ಅಪ್ಪನನ್ನೂ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಚರ್ಮ ಕಸಿ ಮಾಡುವ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದರು. ವಯಸ್ಸಾದವರು. ನನ್ನನ್ನು ಎದುರಿಗೆ ಕೂರಿಸಿಕೊಂಡು, ನನಗೇ ಹೇಳಿದರು, ಪಕ್ಕದಲ್ಲಿದ್ದ ಅಪ್ಪನಿಗಲ್ಲ. ರೆಪ್ಪೆ ಬಿಡಿಸಲೇಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ. ಕಿವಿಯ ಹಿಂದಿನ ಚರ್ಮ ತೆಗೆದು ಅಲ್ಲಿ ಹೊಲಿಯುತ್ತೇನೆ. ಅದು ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಕೀವು ಆಗಬಹುದು. ಎಚ್ಚರ ತಪ್ಪಿಸುವುದರಲ್ಲೂ ಅಪಾಯ ಇದೆ. ಇನ್ನು ಹಣೆಯದು ಬರೀ ನೋಟದ ಮಾತು. ತೊಡೆಯ ಚರ್ಮ ಹಾಕಿದರೆ ಗಂಟು ಹೋಗಿ ತೇಪೆ ಬರುತ್ತದೆ. ಮೊದಲಿನ ಹಣೆ ಅಂತೂ ಬರುವುದಿಲ್ಲ, ಬರುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಂದುಬಿಡು. "ಬೇಕಾ ಬೇಡವಾ ನೀನು ಹೇಳಬೇಕು. ಅವಸರ ಇಲ್ಲ."

ನಾನು ಅಳಲು ಶುರು ಮಾಡಿದೆ. ಅವರು ಗಾಬರಿಯಾದರು. ನೋವಿಗೆ ಅತ್ತದ್ದಲ್ಲ ಅದು. ಹಚ್ಚೆ ಹಾಕಿಸುವಾಗ ಯಾರೂ ನನ್ನನ್ನು ಕೇಳಿರಲಿಲ್ಲ, ತೆಗೆಸುವಾಗಲೂ ಕೇಳಿರಲಿಲ್ಲ, ಸುಳ್ಳು ಹೇಳಿಸುವಾಗಲೂ ಕೇಳಿರಲಿಲ್ಲ. ಬೇಕಾ ಬೇಡವಾ ಅಂತ ನನ್ನನ್ನು ಕೇಳಿದ್ದು ಅದೇ ಮೊದಲು. ರೆಪ್ಪೆ ಮಾತ್ರ ಮಾಡಿ, ಹಣೆ ಬೇಡ ಅಂದೆ. ರೆಪ್ಪೆಯ ಚರ್ಮ ಹಿಡಿಯಿತು. ಕಣ್ಣು ಈಗಲೂ ಮುಚ್ಚುತ್ತದೆ, ಮುಕ್ಕಾಲು ಪಾಲು.

ಊರಿಗೆ ಹೋಗಿ ಜನರ ಅಯ್ಯೋ ಪಾಪ ಕೇಳುವುದು ಬೇಡವಾಗಿತ್ತು. ಡಾಕ್ಟರಮ್ಮನ ಶಾಪಿನಲ್ಲೇ ಉಳಿದೆ. ಮೊದಲು ಗಾಯದ ಬಟ್ಟೆ ಕುದಿಸುವುದು, ಆಮೇಲೆ ಕಟ್ಟು ಕಟ್ಟುವುದು ಕಲಿತೆ. ಸಂಜೆ ಅವರೇ ಸ್ಲೇಟು ಹಿಡಿಸಿ ಓದು ಬರಹ ಕಲಿಸಿದರು. ಹೀಗೆ ಆರು ವರ್ಷ ಕಳೆಯಿತು. ಅಷ್ಟರಲ್ಲಿ ಗಣಿ ಇಂಗ್ಲಿಷ್ ಸಾಹೇಬರ ಕೈಯಿಂದ ಸರ್ಕಾರದ ಕೈಗೆ ಬಂದಿತ್ತು.

ಒಂದು ಬೆಳಗ್ಗೆ ಉರಿಗಾಂ ಲೈನಿನಿಂದ ಒಬ್ಬ ಹೆಂಗಸು ಮಗಳನ್ನು ತಬ್ಬಿಕೊಂಡು ಒಳಗೆ ನುಗ್ಗಿದಳು. ಹುಡುಗಿಗೆ ಹದಿನಾರೋ ಹದಿನೇಳೋ. ಗಲ್ಲದ ಮೇಲೆ ಸೆರಗು ಒತ್ತಿಕೊಂಡಿದ್ದಳು. ಡಾಕ್ಟರಮ್ಮ ಒಳಗೆ ಹೆರಿಗೆ ಮಾಡಿಸುತ್ತಿದ್ದರು. ನಾನು ಸೆರಗು ಸರಿಸಿ ನೋಡಿದೆ. ಗಲ್ಲದ ಮೇಲೆ ಮೂರು ಹಚ್ಚೆಯ ಚುಕ್ಕಿ, ಸುತ್ತ ಹಳದಿ.

"ಏನು ಬಿತ್ತು?" ಅಂದೆ.

"ಎಣ್ಣೆ ಪಟ್ಟುಡ್ಚು ಅಮ್ಮ, ಎಣ್ಣೆ," ಅಂದಳು ತಾಯಿ, ಎಣ್ಣೆ ಬಿತ್ತು ಅಂತ ತಮಿಳಿನಲ್ಲಿ. ಹುಡುಗಿ ನನ್ನ ಹಣೆ ನೋಡಿದಳು. ಆಮೇಲೆ ಅವಳೂ "ಎಣ್ಣೆ" ಅಂದಳು.

ನನಗೆ ಏನಾಯಿತೋ ಗೊತ್ತಿಲ್ಲ. ಹುಡುಗಿಯ ರಟ್ಟೆ ಹಿಡಿದು ಹಿತ್ತಲ ಬಾವಿಕಟ್ಟೆಗೆ ದರದರ ಎಳೆದುಕೊಂಡು ಹೋದೆ. ತುಂಬಿಟ್ಟಿದ್ದ ಕೊಡಗಳನ್ನು ಒಂದಾದ ಮೇಲೊಂದು ಅವಳ ಗಲ್ಲದ ಮೇಲೆ ಸುರಿದೆ. ತಾಯಿ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದಳು. "ತಣ್ಣಿ ಆಕ್ಬೇಡ, ತಣ್ಣಿ ಆಕ್ಬೇಡ ಅಂತ ಡಾಕ್ಟ್ರು ಏಳವ್ನೆ!" ಅಂತ ಬೊಬ್ಬೆ ಹೊಡೆದಳು. ಯಾವ ಡಾಕ್ಟರು ಅಂತ ನನಗೆ ಕೇಳಬೇಕಾಗಿರಲಿಲ್ಲ. ಗುದ್ದಿಸಿಕೊಂಡೇ ಸೇದಿದೆ, ಸೇದಿ ಸೇದಿ ಸುರಿದೆ, ಡಾಕ್ಟರಮ್ಮ ಬಂದು ಸಾಕು ಅನ್ನುವ ತನಕ. ಹುಡುಗಿಗೆ ಗಲ್ಲದ ಮೇಲೆ ಒಂದು ಕಲೆ ಉಳಿಯಿತು, ಅಷ್ಟೇ. ತೀರ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಅವಳ ತಾಯಿ ನನಗೆ ಶಾಪ ಹಾಕಿಕೊಂಡೇ ಹೋದಳು, ಮಗಳ ಸೀರೆಯೆಲ್ಲ ನೆನೆಸಿಬಿಟ್ಟೆ ಅಂತ.

ಡಾಕ್ಟರಮ್ಮ ಈ ಸಲ ನನ್ನನ್ನು ಕೇಳಿ, ನಾನು ಹೂಂ ಅಂದ ಮೇಲೆ, ಗಣಿಯ ಆಫೀಸಿಗೆ ಕಾಗದ ಬರೆದರು. ಎರಡು ಹೆಣ್ಣುಮಕ್ಕಳ ಮುಖ ಸುಟ್ಟವನು ನಿಮ್ಮಲ್ಲಿ ಇದ್ದಾನೆ, ಇನ್ನೆಷ್ಟು ಜನರದ್ದು ಸುಡುತ್ತಾನೋ ಅಂತ. ಗಣಿಯವರು ಅವನ ಮನೆ ಶೋಧಿಸಿದರು. ಅಟ್ಟದ ಮೇಲೆ ಸೀಸೆ ಸಿಕ್ಕಿತು. ವಿಚಾರಣೆಗೆ ಬರಬೇಕು ಅಂತ ನನಗೆ ಕರೆ ಬಂತು.

ಅದರ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಶಾಪಿನ ಬಾಗಿಲಿಗೆ ಬಂದರು. ಅವನಿಗೆ ತಲೆ ನರೆತಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನನ್ನ ಹಣೆಯ ಕಡೆ ಮಾತ್ರ ನೋಡಲಿಲ್ಲ.

"ತಂಗಿ, ಮಕ್ಕಳು ಮರಿ ಇರೋರು ನಾವು. ಒಂದೇ ಒಂದ್ ಸಲ ಎಣ್ಣೆ ಅಂದ್ಬುಡು. ಮೊದ್ಲೇ ಅಂದಿದ್ದೀಯಲ್ಲ, ಇನ್ನೊಂದ್ ಸಲ ಅಂದ್ರೆ ಏನಾಯ್ತದೆ?"

"ಆ ಸಲ ಅಂದಿದ್ದು ನಿಮ್ ತಮ್ಮನ್ ಮದ್ವೆಗೆ," ಅಂದೆ. "ಈ ಸಲ ಯಾರ್ ಮದ್ವೆಗೆ ಅನ್ಲಿ?" ಬಾಗಿಲು ಹಾಕಿಕೊಂಡೆ. ಅವರ ಮಕ್ಕಳ ಮುಖ ನಾನು ನೋಡಿರಲಿಲ್ಲ, ಆದರೂ ಅವು ಕಣ್ಣ ಮುಂದೆ ಬಂದವು.

ಮರುದಿನ ಗೇಟು ದಾಟಿ ಒಳಗೆ ಹೋದೆ. ಉದ್ದನೆಯ ಕೋಣೆ, ಮೇಜಿನ ಆ ಕಡೆ ಒಬ್ಬ ಆಫೀಸರು, ಪಕ್ಕದಲ್ಲಿ ಬರೆದುಕೊಳ್ಳುವವನು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸೀಸೆ ಇಟ್ಟಿದ್ದರು. ಅದೇ ಗಾಜಿನ ಮುಚ್ಚಳ. ಅವನು ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

"ಈ ಸೀಸೆ ನೋಡಿದ್ದೀಯಾ?" ನೋಡಿದ್ದೇನೆ ಅಂದೆ. "ಇದೇನಾ, ಇಂಥದ್ದಾ?" ಇಂಥದ್ದೇ. "ಎಷ್ಟು ತುಂಬಿತ್ತು? ಅರ್ಧವೋ ಮುಕ್ಕಾಲೋ?" ನೆನಪಿಲ್ಲ. "ಎಷ್ಟು ಖರ್ಚು ಮಾಡಿದ?" ಮೂರು ಸಲ ನನ್ನ ಹಣೆಗೆ ಹಚ್ಚಿದ, ಉಳಿದದ್ದು ಕಣ್ಣಿಗೆ ಹರಿಯಿತು ಅಂದೆ. "ಅದಲ್ಲಮ್ಮ. ಸೀಸೆಯಲ್ಲಿ ಎಷ್ಟು ಕಡಿಮೆಯಾಯಿತು?" ಸೀಸೆ, ಸೀಸೆ, ಸೀಸೆ. ಸೀಸೆಯ ಮೇಲೆ ಚೀಟಿ ಇತ್ತಾ, ಸೀಸೆ ಯಾವ ಚೀಲದಿಂದ ತೆಗೆದ, ಸೀಸೆ ವಾಪಸು ಒಯ್ದನಾ. ನಾನು ಮುಖ ಬೆಳಕಿಗೆ ತಿರುಗಿಸಿ ಕೂತಿದ್ದೆ, ಚೆನ್ನಾಗಿ ಕಾಣಲಿ ಅಂತ. ಆಫೀಸರು ಒಂದು ಸಲ ನೋಡಿ ಬೇಗ ಸೀಸೆಯ ಕಡೆ ತಿರುಗಿಕೊಂಡರು.

ಕೊನೆಗೆ ಬರೆದದ್ದನ್ನು ನನ್ನ ಮುಂದೆ ಇಟ್ಟು ಸಹಿ ಹಾಕು ಅಂದರು. ನನಗೆ ಓದಲು ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ನಿಧಾನವಾಗಿ ಪೂರ್ತಿ ಓದಿದೆ. ಗಣಿಯ ಸಾಮಾನು ಅಪ್ಪಣೆಯಿಲ್ಲದೆ ಹೊರಗೆ ಸಾಗಿಸಿದ್ದು, ಅದು ಸೀಸೆಯಲ್ಲಿ ಇದ್ದದ್ದು, ಸಾಕ್ಷಿ ಸೀಸೆಯನ್ನು ಗುರುತಿಸಿದ್ದು.

"ಇದ್ರಲ್ಲಿ ನನ್ ಅಣೆ ಎಲ್ಲೈತೆ ಸಾರ್?" ಅಂದೆ. ಕೋಪ ಬಂದರೆ ನನ್ನ ಬಾಯಿಗೆ ಇವತ್ತಿಗೂ ಊರ ಮಾತೇ ಬರುತ್ತದೆ.

"ಅದು ಈ ವಿಚಾರಣೆಗೆ ಬರುವುದಿಲ್ಲಮ್ಮ. ಇದು ಕಳ್ಳತನದ ಕೇಸು."

"ನನ್ ಕಣ್ಣು? ಆ ಉಡುಗಿ ಗಲ್ಲ?"

"ನೋಡಮ್ಮ, ನೀವಾಗಿ ಹಾಕಿಸಿಕೊಂಡದ್ದಕ್ಕೆ ನಾವೇನು ಮಾಡೋಣ?"

ನಾನು ಪೆನ್ನು ಕೆಳಗಿಟ್ಟು ಎದ್ದೆ. ಸಹಿ ಹಾಕಲಿಲ್ಲ. ಹಾಕದಿದ್ದರೂ ಅವರ ಕೆಲಸ ನಿಲ್ಲಲಿಲ್ಲ, ಸೀಸೆ ಸಿಕ್ಕಿತ್ತಲ್ಲ. ಅವನ ಕೆಲಸ ಹೋಯಿತು. ನನ್ನ ಮುಖ ಸುಟ್ಟದ್ದಕ್ಕಲ್ಲ, ಅಂಗೈಯಷ್ಟು ಸೀಸೆಯಲ್ಲಿದ್ದ ಆಸಿಡ್‌ಗೆ. ಹೊರಗೆ ಬರುವಾಗ ಅವನು ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದ. ನಾನು ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದೆ.

ಗೇಟಿನಲ್ಲಿ ಕಾವಲಿನವನು ನನ್ನ ಚೀಲ ಇಸಿದುಕೊಂಡ. ಹೊರಗೆ ಹೋಗುವ ಎಲ್ಲರದ್ದನ್ನೂ ನೋಡುತ್ತಾರೆ, ನನ್ನದನ್ನು ಬಿಡುತ್ತಾರಾ? ಒಳಗೆ ಕೈ ಹಾಕಿ ಕರವಸ್ತ್ರ, ಬಾಚಣಿಗೆ, ಬಸ್ಸಿನ ಚೀಟಿ ಎಲ್ಲ ತಡಕಾಡಿದ.

"ಗಣಿದು ಏನಾದ್ರೂ ಒರಗೆ ತಗೊಂಡ್ ಓಗ್ತಾ ಇದ್ದೀಯೇನಮ್ಮ?"

"ಊಂ," ಅಂದೆ. "ತಗೊಂಡ್ ಓಗ್ತಾ ಇದ್ದೀನಿ. ಅಣೆ ಮೇಲೈತೆ, ನೋಡ್ಕೊಳಪ್ಪ."

ಅವನು ನೋಡಿದ. ಆಮೇಲೆ ಒಂದೊಂದೇ ಸಾಮಾನು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟ.